ಗಂಟಲು ಕಟ್ಟಿದ ಸಮಾಲೋಚಕಿ

ನನ್ನ ಬಾಯಿ ಎಂಥದ್ದು ಎಂದು ತಿಳಿಯಬೇಕಾದರೆ ನನ್ನ ಗಂಡನನ್ನು ಕೇಳಬೇಕು. ಆದರೆ ಅವರಿಂದ ಉತ್ತರ ಸಿಗುವುದಿಲ್ಲ. ಅವರು ಬಾಯಿ ತೆರೆಯುವಷ್ಟರಲ್ಲಿ ನಾನೇ ಹೇಳಿ ಮುಗಿಸಿರುತ್ತೇನೆ. ಬಸವೇಶ್ವರನಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರು. ಹಿಂದಿನ ಬೆಂಚಿನವರಿಗೂ ಕೇಳಲಿ ಎಂದು ಎತ್ತಿದ ದನಿ ವರ್ಷಗಳು ಕಳೆದಂತೆ ಪಕ್ಕದ ಕ್ಲಾಸಿಗೂ ಕೇಳುವ ಹಾಗೆ ಬೆಳೆಯಿತು. ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಒಮ್ಮೆ, "ಮೇಡಂ, ನಮ್ ಹುಡುಗ್ರು ಲೆಕ್ಕ ಬಿಟ್ಟು ಷಟ್ಪದಿಗೆ ಪ್ರಸ್ತಾರ ಹಾಕ್ತಾ ಕೂತಿದಾರೆ" ಎಂದು ದೂರು ಕೊಟ್ಟರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಇಂಥವಳನ್ನು ನಮ್ಮ ಹೆಡ್‌ಮಿಸ್ ಶಾಲೆಯ ಕೌನ್ಸೆಲರ್ ಮಾಡಿದರು. ಮಕ್ಕಳ ಮನಸ್ಸಿನ ಕಷ್ಟ ಕೇಳಲು ಪ್ರತಿ ಶಾಲೆಯಲ್ಲೂ ಒಬ್ಬರು ಇರಬೇಕು ಎಂದು ಯಾವುದೋ ಮೀಟಿಂಗಿನಲ್ಲಿ ಹೇಳಿದ್ದರಂತೆ. ಅಲ್ಲಿಂದ ಬಂದವರೇ ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಕಣ್ಣಾಡಿಸಿ ನನ್ನ ಮೇಲೆ ನಿಲ್ಲಿಸಿದರು. "ನೀವೇ ಸರಿ. ಎಲ್ರಿಗಿಂತ ಚೆನ್ನಾಗಿ ಮಾತಾಡ್ತೀರ." ಕೇಳಿಸಿಕೊಳ್ಳುವ ಕೆಲಸಕ್ಕೆ ಮಾತಾಡುವವಳನ್ನು ಆರಿಸಿದ್ದು ಅಲ್ಲಿ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ನನಗಂತೂ ಮೊದಲೇ ಕಾಣಲಿಲ್ಲ.

ರಾಜಾಜಿನಗರದ ಒಂದು ಹಾಲಿನಲ್ಲಿ ತರಬೇತಿ ನಡೆಯಿತು. ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸಿದರು. ಒಬ್ಬರು ತಮ್ಮ ಚಿಂತೆ ಹೇಳಬೇಕು, ಇನ್ನೊಬ್ಬರು ತುಟಿ ಪಿಟಕ್ಕೆನ್ನದೆ ಕೇಳಬೇಕು. ನನ್ನ ಜೋಡಿ ನಂದಿನಿ ಲೇಔಟ್ ಕಡೆಯ ಶಾಲೆಯ ಒಬ್ಬ ಸಾಧು ಮೇಷ್ಟ್ರು. ನನ್ನ ಸರದಿಯಲ್ಲಿ ನಾನು ಹೇಳಿದೆ. ಅವರ ಸರದಿ ಬಂದಾಗ ಅವರು, "ನನಗೆ ಮಂಡಿ ನೋವು, ಅದರಿಂದ ಮನಸ್ಸಿಗೂ…" ಎಂದದ್ದೇ ತಡ, ಮೆಂತ್ಯ ನೆನೆಸಿ ಕುಡಿಯುವ ವಿಧಾನವನ್ನು ನಾನು ಶುರುಮಾಡಿಬಿಟ್ಟೆ. ಅವರ ಮನಸ್ಸಿಗೆ ಏನಾಗಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೂ ಸಂಜೆ ಎಲ್ಲರ ಜೊತೆ ನನಗೂ ಸರ್ಟಿಫಿಕೇಟ್ ಕೊಟ್ಟರು, ಅದಕ್ಕೆ ನಾನೇ ಫ್ರೇಮ್ ಹಾಕಿಸಿದೆ.

ಆಟದ ಸಾಮಾನಿನ ಕೋಣೆಯ ಅರ್ಧ ಭಾಗ ನನ್ನ ಪಾಲಿಗೆ ಬಂತು. ಒಂದು ಕಡೆ ಒಡೆದ ಕೇರಂ ಬೋರ್ಡು, ಮಾರ್ಚ್‌ಪಾಸ್ಟಿನ ಡೋಲು. ಇನ್ನೊಂದು ಕಡೆ ಎರಡು ಕುರ್ಚಿ ಮತ್ತು ನಾನು. ಬಾಗಿಲಿಗೆ 'ಆಪ್ತ ಸಮಾಲೋಚನಾ ಕೊಠಡಿ' ಎಂದು ದುಂಡಗೆ ಬರೆದು ಅಂಟಿಸಿದೆ. ಮಕ್ಕಳು ಅದನ್ನು ಮೆಂಟಲ್ ರೂಮ್ ಎಂದು ಕರೆದರು. ಆ ಕಡೆ ತಿರುಗಿ ನೋಡಿದರೂ ಹೆಸರು ಕೆಡುತ್ತದೆಂದು ನೀರಿನ ನಲ್ಲಿಗೆ ಹೋಗುವವರೂ ಸುತ್ತು ಬಳಸಿ ಹೋಗತೊಡಗಿದರು. ಮನೆಯಲ್ಲಿ ಗೋಳು ಹೇಳಿಕೊಂಡರೆ ಗಂಡ ಪೇಪರಿನಿಂದ ತಲೆಯೆತ್ತದೆ, "ಪಾಪ, ಬುದ್ಧಿವಂತ ಮಕ್ಕಳು ಕಣೇ" ಎಂದರು.

ಆಗ ಬಂದವಳು ಆ ಹುಡುಗಿ. ಬಂದವಳು ಅಂದರೆ, ಹೆಡ್‌ಮಿಸ್ ಕಳಿಸಿದವಳು. ಒಂಬತ್ತನೇ ಕ್ಲಾಸು, ಹೆಗ್ಗನಹಳ್ಳಿಯಿಂದ ಬರುತ್ತಿದ್ದಳು. ಅಲ್ಲಿ ಹೊಲಗಳಿದ್ದ ಕಾಲದಿಂದಲೂ ಇರುವ ಮನೆತನ. ಈಗ ಹೊಲದಲ್ಲಿ ಬಾಡಿಗೆ ಬಿಲ್ಡಿಂಗುಗಳು ಎದ್ದಿವೆ. ಎಂಟನೇ ಕ್ಲಾಸಿನವರೆಗೆ ನನ್ನ ಪಾಠದಲ್ಲಿ ಮೊದಲು ಕೈ ಎತ್ತುತ್ತಿದ್ದವಳೇ ಅವಳು. ಈ ವರ್ಷ ಉತ್ತರ ಪತ್ರಿಕೆಗಳನ್ನು ಖಾಲಿ ಕೊಡಲು ಶುರುಮಾಡಿದ್ದಳು. ಹೆಸರು ಬರೆದು, ಮಾರ್ಜಿನ್ ಹಾಕಿ, ಸುಮ್ಮನೆ ಕೂತು ಬೆಲ್ ಹೊಡೆದ ಮೇಲೆ ಎದ್ದು ಹೋಗುವುದು. ಕನ್ನಡದಲ್ಲೂ ಅದೇ ಕಥೆ, ಅದು ನನಗೆ ವೈಯಕ್ತಿಕವಾಗಿ ಬಹಳ ಉರಿಯಿತು.

"ಬಾಯಿ ಬಿಡ್ಸಿ" ಎಂದರು ಹೆಡ್‌ಮಿಸ್. "ಹಿಂಗೇ ಹತ್ತನೇ ಕ್ಲಾಸಿಗೆ ಹೋದ್ರೆ ನಮ್ ರಿಸಲ್ಟ್ ಕಥೆ ಏನು? ಮುಂದಿನ್ ಪರೀಕ್ಷೆಲೂ ಖಾಲಿ ಕೊಟ್ರೆ ಅವ್ರಪ್ಪನ್ನ ಕರೆಸಿ ಟಿಸಿ ಕೈಗೆ ಕೊಟ್ಬಿಡ್ತೀನಿ. ಅವ್ಳಿಗೆ ಇದನ್ನೆಲ್ಲ ಹೇಳ್ಬೇಡಿ, ಹೆದ್ರಿಕೊಳ್ತಾಳೆ." ನಮ್ಮ ಗೇಟಿನ ಮೇಲೆ 'ಹತ್ತನೇ ತರಗತಿ ನೂರಕ್ಕೆ ನೂರು' ಎಂಬ ಬ್ಯಾನರ್ ಸದಾ ಇರುತ್ತದೆ. ಅದು ಹಾಗೇ ಇರಬೇಕಾದರೆ ಯಾರೋ ಕೆಲವರು ಗೇಟಿನ ಹೊರಗೆ ಹೋಗಬೇಕಾಗುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು. ಆದರೆ ಈ ಹುಡುಗಿ ಹಾಗೆ ಹೋಗುವುದು ನನಗೆ ಬೇಡವಾಗಿತ್ತು. ಅವಳನ್ನು ಉಳಿಸಿಕೊಳ್ಳಲೇಬೇಕು ಎಂದು ನಿಶ್ಚಯಿಸಿದೆ.

ಉಳಿಸಿಕೊಳ್ಳಲು ನನ್ನಲ್ಲಿದ್ದ ಒಂದೇ ಆಯುಧ ಬಾಯಿ. ಅವಳನ್ನು ಎದುರಿಗೆ ಕೂರಿಸಿ, "ನಿನ್ನ ಮನಸ್ಸಲ್ಲಿ ಏನಿದೆ, ಬಿಚ್ಚಿ ಹೇಳಮ್ಮ" ಎಂದು ಕೇಳಿ, ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಆ ವಯಸ್ಸಿನಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಹೇಳತೊಡಗಿದೆ. ಅದು ಮುಗಿಯುವ ಹೊತ್ತಿಗೆ ಪೀರಿಯಡ್ ಮುಗಿದಿತ್ತು. ಮುಂದಿನ ಸಲ ತರಬೇತಿಯಲ್ಲಿ ಕೊಟ್ಟ ಮುಖಗಳ ಚಾರ್ಟ್ ತೆಗೆದೆ. ನಗುವ ಮುಖ, ಅಳುವ ಮುಖ, ಕೋಪದ ಮುಖ. "ಇವತ್ತು ನಿನ್ನ ಮುಖ ಯಾವ್ದು?" ಹುಡುಗಿ ಚಾರ್ಟ್ ನೋಡಲಿಲ್ಲ, ನನ್ನ ಕಣ್ಣು ಯಾವ ಮುಖದ ಮೇಲಿದೆ ಎಂದು ನೋಡಿ ಅದರ ಮೇಲೇ ಬೆರಳಿಟ್ಟಳು. "ದುಃಖ!" ಎಂದು ನಾನು ಕುಣಿದಾಡುವುದೊಂದು ಬಾಕಿ.

ಕಾರಣವನ್ನೂ ನಾನೇ ಹುಡುಕಿಕೊಂಡೆ. ಅವಳ ಚಿಕ್ಕಪ್ಪನ ಮಗಳು ಅದೇ ಕ್ಲಾಸಿನಲ್ಲಿದ್ದಳು, ಒಂದೇ ಬೆಂಚು. ಇಬ್ಬರೂ ಇಡೀ ದಿನ ಕಿವಿಗೆ ಬಾಯಿ ಹಚ್ಚಿ ಗುಸುಗುಸು. ಮೇಷ್ಟ್ರುಗಳಾದ ನಮಗೆ ಮಕ್ಕಳ ಯಾವ ಕಾಯಿಲೆಗೂ ಒಂದೇ ಮದ್ದು ಗೊತ್ತು: ಜಾಗ ಬದಲಾಯಿಸುವುದು. ಮೊದಲು ಬೆಂಚ್ ಬದಲಾಯಿಸಿದೆ, ಸಾಲದೆಂದು ತಂಗಿಯನ್ನು ಬಿ ಸೆಕ್ಷನ್ನಿಗೆ ಹಾಕಿಸಿದೆ.

"ಒಂದೇ ಮನೆಯವ್ರು ತಾನೇ? ಸಂಜೆ ಪೂರ್ತಿ ಮಾತಾಡ್ಕೊಳ್ರಮ್ಮ, ಯಾರು ಬೇಡ ಅಂತಾರೆ! ಇಲ್ಲಿ ಪಾಠ ಕೇಳಿ."

"ಸರಿ ಮಿಸ್" ಎಂದಳು ಹುಡುಗಿ. ಅವಳು ನನಗೆ ಯಾವಾಗಲೂ ಹೇಳುತ್ತಿದ್ದುದು ಅಷ್ಟೇ. ಸಮಸ್ಯೆಯ ಬುಡಕ್ಕೇ ಕೈ ಹಾಕಿದೆ ಎಂದು ನಾನು ಹೆಡ್‌ಮಿಸ್ ಮುಂದೆ ಬೀಗಿದೆ.

ಅಷ್ಟರಲ್ಲಿ, ನವೆಂಬರ್ ಕೊನೆಗೆ, ನಮ್ಮ ಶಾಲೆಯ ರಾಜ್ಯೋತ್ಸವ ಬಂತು. ನಿರೂಪಣೆ ನನ್ನದೇ, ಇನ್ನಾರದು! ಅತಿಥಿಗಳು ತಡಮಾಡಿದ್ದರಿಂದ ಅವರು ಬರುವವರೆಗೆ ಸಭೆಯನ್ನು ಹಿಡಿದಿಡಲು ಮಾತಾಡಿದೆ. ಮೈಕು ಕೆಟ್ಟಿತು, ಮೈಕಿಲ್ಲದೆ ಮಾತಾಡಿದೆ. ಪಕ್ಕದ ರಸ್ತೆಯ ಆಟೋ ಸ್ಟ್ಯಾಂಡಿನವರೂ ರಾಜ್ಯೋತ್ಸವಕ್ಕೆ ಆಳೆತ್ತರದ ಸ್ಪೀಕರ್ ಇಟ್ಟಿದ್ದರು. ಅದರ ಮೇಲೂ ಮಾತಾಡಿದೆ. ಮರುದಿನ ಬೆಳಗ್ಗೆ ಹಾಲಿನವನಿಗೆ "ಇವತ್ತು ಎರಡು ಪ್ಯಾಕೆಟ್" ಎನ್ನಲು ಹೋದರೆ ಬಾಯಿಂದ ಗಾಳಿ ಬಂತು.

ವಿಜಯನಗರದ ಡಾಕ್ಟರು ಗಂಟಲಿಗೆ ಟಾರ್ಚ್ ಬಿಟ್ಟು ನೋಡಿ ಗಂಭೀರವಾದರು. "ಪೂರ್ತಿ ರೆಸ್ಟ್. ಒಂದು ಮಾತೂ ಆಡ್ಬಾರ್ದು. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು. ಆಡಿದ್ರೆ ದನಿ ಹಿಂಗೇ ಉಳ್ದುಹೋಗ್ಬಹುದು." ನನ್ನ ಗಂಡ ಎರಡೂ ಕೈಯಲ್ಲಿ ಡಾಕ್ಟರ ಕೈ ಹಿಡಿದು ಕುಲುಕಿದ ರೀತಿ ನನಗೆ ಹಿಡಿಸಲಿಲ್ಲ. ಅದನ್ನು ಹೇಳಲೂ ಆಗಲಿಲ್ಲ.

ರಜೆ ಕೇಳಿದರೆ ಹೆಡ್‌ಮಿಸ್ ಕೊಡಲಿಲ್ಲ. "ಪಾಠ ಬೇಡ, ಕೌನ್ಸೆಲಿಂಗ್ ರೂಮಲ್ಲಿ ಕೂತ್ಕೊಂಡಿರಿ" ಎಂದು ನರ್ಸರಿಯಿಂದ ಒಂದು ಸ್ಲೇಟು, ಬಳಪ ಕೊಡಿಸಿದರು. ಸರಿ, ಕತ್ತಿಗೆ ಮಫ್ಲರ್ ಸುತ್ತಿಕೊಂಡು ಡೋಲಿನ ಪಕ್ಕದಲ್ಲಿ ಇನ್ನೊಂದು ಡೋಲಿನ ಹಾಗೆ ಕೂತೆ.

ಸುದ್ದಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ಒಂದು ತಲೆ ಬಾಗಿಲಲ್ಲಿ ಇಣುಕಿತು. "ಮಿಸ್, ನಿಜ್ವಾಗ್ಲೂ ಮಾತಾಡೋಕಾಗಲ್ವಾ? ಬುದ್ಧೀನೂ ಹೇಳೋಕಾಗಲ್ವಾ?" ನಾನು ತಲೆಯಾಡಿಸಿದೆ. ಅದು ಒಳಗೆ ಬಂದು ಕೂತು, ಮನೆಯಲ್ಲಿ ತನ್ನ ನಾಯಿಯನ್ನು ಯಾರಿಗೋ ಕೊಟ್ಟುಬಿಟ್ಟರೆಂದು ಅತ್ತು, ಮೂಗು ಒರೆಸಿಕೊಂಡು, "ಥ್ಯಾಂಕ್ಸ್ ಮಿಸ್, ತುಂಬಾ ಹೆಲ್ಪ್ ಆಯ್ತು" ಎಂದು ಹೋಯಿತು. ನಾನು ಏನು ಹೆಲ್ಪ್ ಮಾಡಿದೆ? ದೇವರಾಣೆ ಗೊತ್ತಿಲ್ಲ. ಮಾರನೆಯ ದಿನ ಬಾಗಿಲ ಮುಂದೆ ಕ್ಯೂ. ಮೆಂಟಲ್ ರೂಮಿಗೆ ಬೇಡಿಕೆ ಬಂದುಬಿಟ್ಟಿತು! ಪಿಟಿ ಮಾಸ್ತರು ಕೂಡ ಫುಟ್‌ಬಾಲ್ ತೆಗೆದುಕೊಳ್ಳಲು ಬಂದವರು ಕೂತು ಅತ್ತೆ ಮನೆಯ ವಿಚಾರವನ್ನೆಲ್ಲ ಹೇಳಿ, ಫುಟ್‌ಬಾಲ್ ಮರೆತು ಹೋದರು. ಇಷ್ಟು ವರ್ಷ ಎಲ್ಲರೂ ನಾನು ಉಸಿರೆಳೆದುಕೊಳ್ಳಲಿ ಎಂದು ಕಾಯುತ್ತಿದ್ದರೇನೋ ಅನ್ನಿಸಿ ನನಗೆ ಒಳಗೊಳಗೇ ಭಾರಿ ಅವಮಾನವಾಯಿತು.

ಆ ಹುಡುಗಿ ಮಾತ್ರ ಬರಲಿಲ್ಲ. ಪರೀಕ್ಷೆ ಬಂತು. ಮತ್ತೆ ಹೆಸರು, ಮಾರ್ಜಿನ್, ಖಾಲಿ. ಹೆಡ್‌ಮಿಸ್ ಅವಳ ಅಪ್ಪನಿಗೆ ಫೋನ್ ಮಾಡಿ ಸೋಮವಾರ ಬರಹೇಳಿದರು.

ಅವರೆಕಾಯಿ ಕಾಲ. ಆ ದಿನಗಳಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಅರ್ಧ ಜನ ಮೌಲ್ಯಮಾಪನ ಮಾಡುತ್ತಾರೆ, ಅರ್ಧ ಜನ ಅವರೆಕಾಯಿ ಸುಲಿಯುತ್ತಾರೆ. ಶುಕ್ರವಾರ ನಾನೂ ಮಾರ್ಕೆಟ್ಟಿನಿಂದ ಒಂದು ಚೀಲ ತಂದು, ಬಾಯಿಗಂತೂ ಕೆಲಸವಿಲ್ಲ, ಕೈಗಾದರೂ ಇರಲೆಂದು ನನ್ನ ಕೋಣೆಯಲ್ಲಿ ಪೇಪರ್ ಹಾಸಿಕೊಂಡು ನೆಲದ ಮೇಲೆ ಕೂತು ಸುಲಿಯುತ್ತಿದ್ದೆ. ಬಾಗಿಲು ತಳ್ಳಿಕೊಂಡು ಹುಡುಗಿ ಬಂದಳು. ನನ್ನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು, ಡಾಕ್ಟರ ಮುಖ ನೆನಪಾಗಿ ಮುಚ್ಚಿಕೊಂಡಿತು. ಅವಳು ನಿಂತು ನೋಡಿದಳು. ಒಂದು ಕಾಯಿ ಎತ್ತಿಕೊಂಡು ಮೂಸಿ, "ಸೊಗಡಿದೆ ಮಿಸ್, ಚೆನ್ನಾಗಿದೆ" ಎಂದಳು. ಆಮೇಲೆ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಸುಲಿಯತೊಡಗಿದಳು.

ಚೀಲ ಕಾಲು ಭಾಗ ಇಳಿಯುವವರೆಗೆ ಇಬ್ಬರೂ ಸುಲಿಯುತ್ತಲೇ ಇದ್ದೆವು. ನನ್ನ ಜೀವ ಹೋಗುತ್ತಿತ್ತು. ಎಷ್ಟು ಪ್ರಶ್ನೆ ನಾಲಿಗೆ ತುದಿಗೆ ಬಂದು ವಾಪಸು ಹೋದವೋ!

"ಅವ್ಳೂ ನಾನೂ ಹಿಂಗೇ ಸುಲೀತಿದ್ವಿ ಮಿಸ್, ಜಗುಲಿ ಮೇಲೆ" ಎಂದಳು ಅವಳು, ಕಾಯಿಯಿಂದ ಕಣ್ಣು ತೆಗೆಯದೆ. "ಈಗ ಜಗುಲಿ ಮಧ್ಯ ಗೋಡೆ ಇದೆ."

ನಾನು ಸುಲಿಯುವುದನ್ನು ನಿಲ್ಲಿಸಿದೆ.

"ಭಾಗ ಆಯ್ತಲ್ಲ, ಆವಾಗ ಅಪ್ಪಂಗೂ ಚಿಕ್ಕಪ್ಪಂಗೂ ಜಗ್ಳ ಆಯ್ತು. ಗೋಡೆ ಹಾಕ್ಸಿದ್ರು. ಅವ್ರ ಮನೆಯವ್ರ ಜೊತೆ ಮಾತಾಡಿದ್ರೆ ಕಾಲ್ ಮುರೀತೀನಿ ಅಂದ್ರು ಅಪ್ಪ. ಅವ್ಳಿಗೂ ಹಂಗೇ ಹೇಳಿದಾರೆ. ಫೋನೂ ನೋಡ್ತಾರೆ. ಸ್ಕೂಲಿಗೂ ಇಬ್ರನ್ನೂ ಬೇರೆ ಬೇರೆ ಗಾಡಿಲಿ ಬಿಡ್ತಾರೆ. ನಾವು ಮಾತಾಡೋದು ಇಲ್ಲೇ ಮಿಸ್. ಮೊದ್ಲು ಬೆಂಚಲ್ಲಿ ಮಾತಾಡ್ತಿದ್ವಿ. ಈಗ ಊಟದ ಬೆಲ್ಲಲ್ಲಿ."

ಸಂಜೆ ಪೂರ್ತಿ ಮಾತಾಡ್ಕೊಳ್ರಮ್ಮ, ಯಾರು ಬೇಡ ಅಂತಾರೆ! ನನ್ನದೇ ದನಿ ನನ್ನ ಕಿವಿಯಲ್ಲಿ ಗುಂಯ್‌ಗುಟ್ಟಿತು. ನೆಲ ಬಾಯಿ ಬಿಟ್ಟಿದ್ದರೆ ಅವರೆಕಾಯಿ ಚೀಲದ ಸಮೇತ ಒಳಗೆ ಹೋಗುತ್ತಿದ್ದೆ. ಅವರಪ್ಪ ಎಬ್ಬಿಸಿದ ಗೋಡೆಗೆ ನಾನು ಶಾಲೆಯಲ್ಲಿ ಎರಡು ವರಸೆ ಇಟ್ಟಿಗೆ ಸೇರಿಸಿ, ಹೋಗಿ ಹೆಡ್‌ಮಿಸ್ ಹತ್ತಿರ ಶಹಬ್ಬಾಸ್‌ಗಿರಿ ತೆಗೆದುಕೊಂಡಿದ್ದೆ!

"ಎಂಟ್ನೇ ಕ್ಲಾಸಲ್ಲಿ ಚೆನ್ನಾಗಿ ಮಾರ್ಕ್ಸ್ ಬಂತಲ್ಲ, ಅಪ್ಪ ಹೇಳಿದ್ರು, ನಿನ್ನಂಥವ್ಳಿಗೆ ಈ ಸ್ಕೂಲ್ ಸಾಲಲ್ಲ, ಹತ್ತನೇ ಕ್ಲಾಸಿಗೆ ರಾಜರಾಜೇಶ್ವರಿನಗರದ ದೊಡ್ಡ ಸ್ಕೂಲಿಗೆ ಹಾಕ್ತೀನಿ ಅಂತ. ಅಲ್ಲಿ ಒಂಬತ್ತನೇ ಕ್ಲಾಸ್ ಮಾರ್ಕ್ಸ್ ನೋಡಿ ಸೇರಿಸ್ಕೊಳ್ತಾರಂತೆ." ಅವಳು ಒಂದು ಕಾಳನ್ನು ಬೆರಳಲ್ಲಿ ಉರುಳಿಸಿದಳು. "ಮಾರ್ಕ್ಸೇ ಇಲ್ದಿದ್ರೆ ಸೇರಿಸ್ಕೊಳಲ್ಲ ಅಲ್ವಾ ಮಿಸ್? ಇಲ್ಲೇ ಇರ್ಬಹುದು."

ಹೆಡ್‌ಮಿಸ್ ಹೇಳಬೇಡಿ ಎಂದಿದ್ದರು. ನಾನು ಹೇಳಲಿಲ್ಲ, ಬರೆದೆ. ಸ್ಲೇಟಿನ ಮೇಲೆ: 'ಖಾಲಿ ಕೊಟ್ಟಿದ್ದಕ್ಕೆ ಸೋಮವಾರ ಟಿಸಿ ಕೊಡ್ತಾರೆ.'

ಅವಳು ಓದಿದಳು. "ಅಯ್ಯೋ, ಬರೆದ್ರೂ ಹೋಗ್ಬೇಕು, ಬರೀದಿದ್ರೂ ಹೋಗ್ಬೇಕಾ?" ಎಂದು ಅತ್ತಳು. ಅತ್ತು ಮುಗಿದ ಮೇಲೆ, "ನೀವೇ ಅಪ್ಪಂಗೆ ಹೇಳಿ ಮಿಸ್. ನನ್ ಕೈಲಾಗಲ್ಲ" ಎಂದಳು. ನಾನು ಮಫ್ಲರ್ ಮುಟ್ಟಿ ತೋರಿಸಿದೆ. ಸ್ಲೇಟು ಒರೆಸಿ, 'ಸೆಕ್ಷನ್ ಬದಲಾಯಿಸಿದ್ದು ನನ್ನ ತಪ್ಪು' ಎಂದು ಬರೆದೆ. ಅವಳು ಅದನ್ನು ನೋಡಿ, "ಹೂಂ ಮಿಸ್" ಎಂದಳು. ಪರವಾಗಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಉಳಿದ ಕಾಯಿ ಸುಲಿದುಕೊಟ್ಟು ಹೋದಳು.

ಭಾನುವಾರ ಸಂಜೆ ನನ್ನ ದನಿ ಮರಳಿತು. ಗಂಡನಿಗೆ ತಿಳಿಸಲಿಲ್ಲ, ಪಾಪ, ಇನ್ನೊಂದು ರಾತ್ರಿ ಸುಖವಾಗಿರಲಿ ಎಂದು. ಸೋಮವಾರ ಅವಳಪ್ಪನ ಮುಂದೆ ಮಾಡಬೇಕಾದ ಭಾಷಣವನ್ನು ಮನಸ್ಸಿನಲ್ಲೇ ಸಿದ್ಧ ಮಾಡಿದೆ. ಪೀಠಿಕೆ, ಮಕ್ಕಳ ಮನಸ್ಸು ಎಂಥದ್ದು, ದಾಯಾದಿ ಕಲಹದ ದುಷ್ಪರಿಣಾಮ, ಉಪಸಂಹಾರ. ಎಂಥ ಅಪ್ಪನೂ ಕರಗಿ ನೀರಾಗಬೇಕು, ಹಾಗಿತ್ತು.

ಬೆಳಗ್ಗೆ ಹೌಸಿಂಗ್ ಬೋರ್ಡ್ ಸಿಗ್ನಲ್ ಹತ್ತಿರ ರಸ್ತೆ ದಾಟುವಾಗ ಒಬ್ಬ ಆಟೋದವನು ನನ್ನ ಸೀರೆಯ ನೆರಿಗೆಗೆ ತಾಕುವಷ್ಟು ಹತ್ತಿರ ತಂದು ನಿಲ್ಲಿಸಿ, "ನೋಡ್ಕೊಂಡ್ ಹೋಗಮ್ಮೋ" ಎಂದ. ಅಷ್ಟೇ ಸಾಕಾಯಿತು. ಕೂಡಿಟ್ಟ ಮಾತೆಲ್ಲ ಕಟ್ಟೆ ಒಡೆಯಿತು. "ಕಣ್ಣು ಮೀಟರ್ ಮೇಲಿರುತ್ತೋ ರೋಡ್ ಮೇಲಿರುತ್ತೋ ನಿಂಗೆ? ಹೆಂಗಸ್ರು ದಾಟೋದು ಕಾಣಲ್ವಾ? ಸೈಡಿಗ್ ಹಾಕು, ಹಾಕು ಅಂದೆ!" ಸಿಗ್ನಲ್ ಹಸಿರಾಗಿ ಮತ್ತೆ ಕೆಂಪಾಯಿತು. ಕೊನೆಗೆ ಅವನು ಕೈಮುಗಿದು, "ತಾಯಿ, ತಪ್ಪಾಯ್ತು, ಬಿಟ್ಬಿಡಿ, ಬಾಡಿಗೆ ಕಾಯ್ತಾ ಇದೆ" ಎಂದ ಮೇಲೆ ಬಿಟ್ಟೆ. ಗಂಟಲು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದೆ ಎಂದು ಖಚಿತವಾಯಿತು. ಮಫ್ಲರ್ ಸರಿಮಾಡಿಕೊಂಡು ಶಾಲೆಗೆ ಹೋದೆ.

ಊಟದ ಬೆಲ್ಲಿಗೆ ಸ್ವಲ್ಪ ಮೊದಲು ಹೆಡ್‌ಮಿಸ್ ಕರೆಸಿದಾಗ ಅಭ್ಯಾಸಬಲದಿಂದ ಸ್ಲೇಟನ್ನೂ ಹಿಡಿದು ಹೋದೆ. ಅವರ ಕೋಣೆಯಲ್ಲಿ ಹುಡುಗಿಯ ಅಪ್ಪ ಕೂತಿದ್ದರು. ಬಿಳಿ ಷರ್ಟು, ದಪ್ಪ ಮೀಸೆ, ಕೈಯಲ್ಲಿ ಕಾರಿನ ಕೀ. ನನ್ನನ್ನು ಕಂಡೊಡನೆ ಯಾಕೋ ಎದ್ದು ನಿಂತು ನಮಸ್ಕಾರ ಹೇಳಿದರು. ನಾನು ಹೆಡ್‌ಮಿಸ್ ಪಕ್ಕದ ಕುರ್ಚಿಯಲ್ಲಿ ಕೂತೆ. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಹೆಡ್‌ಮಿಸ್, "ಖಾಲಿ ಪೇಪರ್ ಕೊಡೋರನ್ನ ನಾವು ಇಟ್ಕೊಳೋಕಾಗಲ್ಲ ಸಾರ್. ನಮ್ ಕೌನ್ಸೆಲರೂ ತುಂಬಾ ಪ್ರಯತ್ನ ಪಟ್ರು…" ಎಂದು ನನ್ನ ಕಡೆ ನೋಡಿದರು.

ನಾನು ಉಸಿರೆಳೆದುಕೊಂಡೆ. ಪೀಠಿಕೆ ತುಟಿಯವರೆಗೆ ಬಂದಿತ್ತು.

"ಮಿಸ್‌ಗೆ ಗಂಟ್ಲು ಸರಿ ಇಲ್ಲ" ಎಂದಳು ಹುಡುಗಿ, ಗಟ್ಟಿಯಾಗಿ. "ಮಾತಾಡ್ಬಾರ್ದು ಅಂತ ಡಾಕ್ಟ್ರು ಹೇಳಿದಾರೆ. ನಾನೇ ಹೇಳ್ತೀನಿ."

ಆ ಕ್ಷಣ ನಾನು ಪಟ್ಟ ಪಾಡು ಯಾವ ಶತ್ರುವಿಗೂ ಬೇಡ. ಸರಿಹೋಗಿದೆ ಕಣೇ, ಎಷ್ಟು ಚೆನ್ನಾಗಿ ಸಿದ್ಧ ಮಾಡಿಕೊಂಡಿದ್ದೇನೆ ಗೊತ್ತಾ, ಎಂದು ಕೂಗಬೇಕೆನ್ನಿಸಿತು. ಆದರೆ ಅವಳು ಆಗಲೇ ಗೋಡೆ ಬಿಟ್ಟು ಅಪ್ಪನ ಎದುರಿಗೆ ಬಂದು ನಿಂತುಬಿಟ್ಟಿದ್ದಳು. ನಾನು ಹಲ್ಲು ಕಚ್ಚಿಕೊಂಡು ಮಫ್ಲರನ್ನು ಇನ್ನೊಂದು ಸುತ್ತು ಬಿಗಿ ಮಾಡಿದೆ. ನನ್ನ ಜೀವಮಾನದ ಮಹಾತ್ಯಾಗ ಅದು ಎಂದುಕೊಂಡೆ.

ಅವಳು ಹೇಳಿದಳು. ಪೀಠಿಕೆ ಇರಲಿಲ್ಲ, ಉಪಸಂಹಾರವೂ ಇರಲಿಲ್ಲ. ಮಧ್ಯೆ ತಡವರಿಸಿದಳು, ಅತ್ತಳು, ಮತ್ತೆ ಶುರುಮಾಡಿದಳು. "ನೀವು ಚಿಕ್ಕಪ್ಪನ ಜೊತೆ ಮಾತಾಡ್ಬೇಡಿ ಅಪ್ಪಾ, ಗೋಡೇನೂ ಇರ್ಲಿ. ಆದ್ರೆ ನಂಗೆ ಅವ್ಳು ಬೇಕು. ಅವ್ಳಿರೋ ಸ್ಕೂಲೇ ಬೇಕು. ಇಲ್ಲೇ ಇರೋಕ್ ಬಿಟ್ರೆ ಎಲ್ಲಾ ಬರೀತೀನಿ. ಎಲ್ಲಾ ಬರುತ್ತೆ ನಂಗೆ."

ಅಪ್ಪ ಗೊಂಚಲಿನ ಕೀಗಳನ್ನು ಒಂದೊಂದಾಗಿ ತಿರುವತೊಡಗಿದರು. ಹೆಡ್‌ಮಿಸ್ ಏನೋ ಹೇಳಲು ಹೋದರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಆಮೇಲೆ ಅಪ್ಪ, "ಅವ್ಳ ಹತ್ರ ಮಾತಾಡಕ್ಕೋಸ್ಕರ ಫೇಲಾಗೋಕೂ ರೆಡಿ ಆಗಿದ್ಯಾ?" ಎಂದು ಕೇಳಿದರು. ದನಿ ಗಡುಸಾಗಿಯೇ ಇತ್ತು, ಕಣ್ಣು ಮಾತ್ರ ಒದ್ದೆ.

"ಹೂಂ."

"ಇಲ್ಲೇ ಇರ್ಲಿ ಮೇಡಂ" ಎಂದರು ಅವರು ಹೆಡ್‌ಮಿಸ್‌ಗೆ. "ಇನ್ನೊಂದ್ ಸಲ ಪರೀಕ್ಷೆ ಕೊಟ್ಟು ನೋಡಿ. ಬರೀಲಿಲ್ಲ ಅಂದ್ರೆ ಆಮೇಲ್ ಮಾತಾಡಣ." ಹೆಡ್‌ಮಿಸ್ ಒಮ್ಮೆ ಗೇಟಿನ ಕಡೆ, ಒಮ್ಮೆ ಹುಡುಗಿಯ ಕಡೆ ನೋಡಿ, "ಆಯ್ತು, ನಾಳೆನೇ ಕೊಡ್ತೀನಿ" ಎಂದರು. ಎದ್ದು ಹೊರಟ ಅಪ್ಪ ಬಾಗಿಲ ಬಳಿ ನಿಂತು ನನ್ನತ್ತ ತಿರುಗಿದರು. "ಗಂಟ್ಲು ಹುಷಾರು ಮೇಡಂ" ಎಂದರು, ಮೀಸೆ ಒಂದಿಷ್ಟೂ ಅಲುಗಲಿಲ್ಲ.

ಕಾರಿಡಾರಿನಲ್ಲಿ ಹುಡುಗಿ ನನ್ನ ಪಕ್ಕ ನಡೆದು ಬಂದಳು. ಸ್ಲೇಟಿನ ಮೇಲೆ 'ಭೇಷ್' ಎಂದು ಬರೆದು ತೋರಿಸಿದೆ. ಅವಳು ಅದನ್ನು ನೋಡಿ ಕೆಳತುಟಿ ಕಚ್ಚಿಕೊಂಡಳು.

"ಮಿಸ್, ಬೆಳಗ್ಗೆ ಹೌಸಿಂಗ್ ಬೋರ್ಡ್ ಸಿಗ್ನಲ್ಲಲ್ಲಿ ಆಟೋದವ್ರನ್ನ ಬೈತಿದ್ದಿದ್ದು ನೀವೇ ಅಲ್ವಾ? ನಮ್ ಕಾರು ಹಿಂದೇನೇ ನಿಂತಿತ್ತು. ಅಪ್ಪ ಕಿಟಕಿ ಇಳಿಸಿ, ಯಾರಪ್ಪಾ ಈಯಮ್ಮ, ಮೈಕ್ ನುಂಗವ್ಳಾ ಅಂದ್ರು. ನಮ್ ಕೌನ್ಸೆಲರ್ ಮಿಸ್ ಅಂದೆ."

ನಾನು ಅಲ್ಲೇ ನಿಂತೆ. ಸ್ಲೇಟು ಕೈಯಲ್ಲಿ ಹಾಗೇ ಇತ್ತು. "ಮತ್ತೆ ಒಳಗೆ ಯಾಕೇ ಹಂಗಂದೆ?" ಎಂದು ಕೇಳಿದೆ, ಬಾಯಿಂದಲೇ.

"ನೀವು ಶುರು ಮಾಡಿದ್ರೆ ನಂಗೆ ಚಾನ್ಸೇ ಸಿಗ್ತಿರ್ಲಿಲ್ಲ ಮಿಸ್."

ಅವಳಿಗೆ ಉತ್ತರ ಕೊಡಲು ನನ್ನ ಹತ್ತಿರ ಬೇಕಾದಷ್ಟು ಮಾತಿತ್ತು. ಅಷ್ಟರಲ್ಲಿ ಊಟದ ಬೆಲ್ ಹೊಡೆಯಿತು. ಅವಳು ಆಗಲೇ ಬಿ ಸೆಕ್ಷನ್ ಕಡೆ ಓಡುತ್ತಿದ್ದಳು.